ಎಕ್ಸೆಲ್ ಮೇಲಿನ ಟ್ಯಾಬ್ ಮಾಯವಾಯ್ತಾ? ಆಡ್-ಇನ್ ಕಿತ್ತು ಹಾಕುವ ಮೊದಲು ಪಟ್ಟಿ ನೋಡಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಅಡಿಕೆ ಅಂಗಡಿ. ಅಲ್ಲಿ ಲೆಕ್ಕ ಬರೆಯುವ ಹುಡುಗಿ ಮಳೆಗಾಲದ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಅಣ್ಣಾ, ಎಕ್ಸೆಲ್ ಮೇಲೆ ನೀವು ಹಾಕಿ ಕೊಟ್ಟ ಟ್ಯಾಬ್ ಇತ್ತಲ್ಲ, ಅದು ಇವತ್ತು ಕಾಣ್ತಾ ಇಲ್ಲ. ನಾನು ಎಂತದೂ ಮಾಡ್ಲಿಲ್ಲ." ಎಂತದೂ ಮಾಡ್ಲಿಲ್ಲ ಎಂಬ ಮಾತು ಕಂಪ್ಯೂಟರ್ ರಿಪೇರಿ ಮಾಡುವ ನಮಗೆ ಹೊಸದಲ್ಲ. ಅದು ಸುಳ್ಳು ಅಂತಲ್ಲ. ಏನೋ ಒಂದು ಒತ್ತಿರುತ್ತಾರೆ, ಒತ್ತಿದ್ದು ನೆನಪಿರುವುದಿಲ್ಲ, ಅಷ್ಟೇ.

ಆ ಅಂಗಡಿಯಲ್ಲಿ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ಫೈಲ್. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಜೊತೆಗೆ ಕಾಳುಮೆಣಸಿಗೆ ಇನ್ನೊಂದು. ಬೆಳಿಗ್ಗೆ ಆರನ್ನೂ ತೆರೆದಿಟ್ಟರೆ ಸಂಜೆ ಬಾಗಿಲು ಹಾಕುವವರೆಗೂ ತೆರೆದೇ ಇರುತ್ತವೆ. ಎಕ್ಸೆಲ್ 2010ರವರೆಗೆ ಎಲ್ಲ ಫೈಲುಗಳೂ ಒಂದೇ ದೊಡ್ಡ ವಿಂಡೋದ ಒಳಗೆ ತೆರೆಯುತ್ತಿದ್ದವು. 2013ರಿಂದ ಫೈಲಿಗೊಂದು ವಿಂಡೋ. ವರ್ಡ್ ಅಂತೂ 2000ದ ಆವೃತ್ತಿಯಿಂದಲೇ ಹಾಗೆ. ಎರಡು ಮಾನಿಟರ್ ಇಟ್ಟುಕೊಂಡವರಿಗೆ ಅದು ಅನುಕೂಲ, ಆದರೆ ಒಂದೇ ಒಂದು ಹಳೆ ಮಾನಿಟರ್ ಮುಂದೆ ಕೂತು, ಹೊರಗೆ ಜೀಪು ನಿಲ್ಲಿಸಿ ಗೋಣಿ ಇಳಿಸುತ್ತಾ ಅವಸರ ಮಾಡುವ ಕೃಷಿಕರಿಗೆ ಬಿಲ್ ಹರಿದು ಕೊಡಬೇಕಾದವರಿಗೆ ಆರು ವಿಂಡೋ ಅಂದರೆ ಆರು ತಲೆನೋವು. ಒಂದು ದಿನ ಪಟೋರದ 2 ಗೋಣಿ ಹೋಗಿ ಕರಿಗೋಟಿನ ಫೈಲಿನಲ್ಲಿ ಬಿತ್ತು. ಗೋದಾಮಿನ ಲೆಕ್ಕ ತಾಳೆಯಾಗದೆ ರಾತ್ರಿ 9 ಗಂಟೆಯವರೆಗೆ ಹುಡುಕಿದರಂತೆ. ಆಮೇಲೆ ನಾನು ಒಂದು ಉಚಿತ ಆಡ್-ಇನ್, ಅಂದರೆ ಎಕ್ಸೆಲ್ ಒಳಗೆ ಸೇರಿಕೊಂಡು ಕೆಲಸ ಮಾಡುವ ಸಣ್ಣ ಪ್ರೋಗ್ರಾಮ್, ಹಾಕಿಕೊಟ್ಟೆ. ಬ್ರೌಸರಿನಲ್ಲಿ ಇರುವ ಹಾಗೆ ಆರು ಫೈಲೂ ಒಂದೇ ವಿಂಡೋದಲ್ಲಿ, ಮೇಲೆ ಸಾಲಾಗಿ ಆರು ಟ್ಯಾಬ್. ಆ ಸಾಲೇ ಈಗ ಮಾಯ.

ಈ ಜಾತಿಯ ಆಡ್-ಇನ್ ಬೇರೆ ಬೇರೆಯವರು ಮಾಡಿದ್ದು ಇದೆ. ಹೆಸರು ಯಾವುದಾದರೂ ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ನಾನು ನೋಡುವ ಕ್ರಮ ಹೇಳುತ್ತೇನೆ.

ಹೋದದ್ದು ಯಾವ ಟ್ಯಾಬ್?

ಇದು ಮೊದಲ ಪ್ರಶ್ನೆ. ತಮಾಷೆ ಅಲ್ಲ. ಎಕ್ಸೆಲ್‌ನಲ್ಲಿ ಟ್ಯಾಬ್ ಅಂತ ಜನ ಮೂರು ವಸ್ತುಗಳಿಗೆ ಹೇಳುತ್ತಾರೆ. ಮೇಲೆ ಹೋಮ್, ಇನ್ಸರ್ಟ್ ಅಂತ ಇರುವ ರಿಬ್ಬನ್ ಒಂದು. ಅದು ಮುದುಡಿಕೊಂಡಿದ್ದರೆ ಕಂಟ್ರೋಲ್ ಮತ್ತು ಎಫ್1 ಒಟ್ಟಿಗೆ ಒತ್ತಿದರೆ ಸಾಕು. ಕೆಳಗೆ ಶೀಟ್1, ಶೀಟ್2 ಅಂತ ಇರುವುದು ಇನ್ನೊಂದು. ಅದು ಕಾಣದಿದ್ದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ 'ಶೋ ಶೀಟ್ ಟ್ಯಾಬ್ಸ್' ಎಂಬುದಕ್ಕೆ ಟಿಕ್ ಹಾಕಬೇಕು. ಮೂರನೆಯದೇ ನಮ್ಮ ಆಡ್-ಇನ್ ತರುವ ಟ್ಯಾಬ್, ಫೈಲಿಗೊಂದು. ನಾನೇ ಒಮ್ಮೆ ಇದನ್ನು ಕೇಳದೆ ಮಳೆಯಲ್ಲಿ ಬೈಕ್ ಹತ್ತಿ ಉಪ್ಪಳದವರೆಗೆ ಹೋಗಿದ್ದೆ. ನೋಡಿದರೆ ಶೀಟ್ ಟ್ಯಾಬ್ ಟಿಕ್ ತೆಗೆದಿತ್ತು. ಹೋಗಿ ಬರುವ ಪೆಟ್ರೋಲ್ ಖರ್ಚೂ ಕೇಳಲು ನಾಚಿಕೆಯಾಯಿತು.

ತೆಗೆದು ಪುನಃ ಹಾಕಬೇಡಿ

ಟ್ಯಾಬ್ ಹೋದ ಕೂಡಲೇ ಎಲ್ಲರೂ ಮಾಡುವುದು ಅದನ್ನೇ. ಆಡ್-ಇನ್ ಅನ್‌ಇನ್‌ಸ್ಟಾಲ್, ಪುನಃ ಇನ್‌ಸ್ಟಾಲ್. ಆ ಹುಡುಗಿಯೂ ನನಗೆ ಫೋನ್ ಮಾಡುವ ಮೊದಲು ಮೂರು ಸಲ ಮಾಡಿದ್ದಳು. ಫೋನಿನಲ್ಲಿ ಮೊದಲು ಹೇಳಲಿಲ್ಲ, ನಾನು ಹೋದ ಮೇಲೆ ಹೇಳಿದಳು.

ಇದರಿಂದ ಯಾಕೆ ಉಪಯೋಗ ಇಲ್ಲ ಅಂದರೆ, ಈ ಆಡ್-ಇನ್ ಬೇಡ ಅಂತ ಎಕ್ಸೆಲ್ ಒಮ್ಮೆ ತೀರ್ಮಾನ ಮಾಡಿದರೆ ಅದನ್ನು ಬರೆದಿಡುವುದು ಆಡ್-ಇನ್ನಿನ ಫೋಲ್ಡರಿನಲ್ಲಿ ಅಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ, ಎಕ್ಸೆಲ್‌ನ ಸ್ವಂತ ಜಾಗದಲ್ಲಿ. ಆಡ್-ಇನ್ ತೆಗೆದರೂ ಆ ಬರಹ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ಪುನಃ ಹಾಕಿದ ಆಡ್-ಇನ್ನಿಗೆ ಅದೇ ಹೆಸರು. ಎಕ್ಸೆಲ್ ಪಟ್ಟಿ ನೋಡುತ್ತದೆ, ಹೆಸರು ಇದೆ, ಹೊರಗೇ ನಿಲ್ಲಿಸುತ್ತದೆ. ನೂರು ಸಲ ಹಾಕಿದರೂ ಅಷ್ಟೇ.

ಇನ್ನೊಂದು ಅಪಾಯ ಇದೆ. ಪುನಃ ಇಳಿಸುವ ಅವಸರದಲ್ಲಿ ಉಚಿತ ಆವೃತ್ತಿಯ ಬದಲು ಕೆಲವೇ ದಿನಗಳ ಪ್ರಯೋಗಾವಧಿಯ ಆವೃತ್ತಿ ಬಂದು ಕೂರುವುದುಂಟು. ಆವತ್ತಿಗೆ ಎಲ್ಲ ಚೆನ್ನಾಗಿರುತ್ತದೆ, ಅವಧಿ ಮುಗಿದ ಮೇಲೆ ಪುನಃ ಟ್ಯಾಬ್ ಇಲ್ಲ, ಪುನಃ ಫೋನ್.

ಪಟ್ಟಿಯೇ ಹೇಳುತ್ತದೆ

ಎಕ್ಸೆಲ್ ತೆರೆಯಿರಿ. ಮೊದಲು ಮೇಲಿನ ಟೈಟಲ್ ಪಟ್ಟಿ ನೋಡಿ. ಅಲ್ಲಿ ಫೈಲಿನ ಹೆಸರಿನ ಪಕ್ಕ 'ಸೇಫ್ ಮೋಡ್' ಅಂತ ಇದ್ದರೆ ಬೇರೆ ಏನೂ ಹುಡುಕಬೇಡಿ. ಸೇಫ್ ಮೋಡಿನಲ್ಲಿ ಆಡ್-ಇನ್ ಬರುವುದೇ ಇಲ್ಲ. ಪೂರ್ತಿ ಮುಚ್ಚಿ ಮಾಮೂಲಿಯಾಗಿ ತೆರೆಯಿರಿ. ಕಂಟ್ರೋಲ್ ಕೀಲಿ ಒತ್ತಿಹಿಡಿದು ಎಕ್ಸೆಲ್ ಐಕಾನ್ ಒತ್ತಿದರೆ ಸೇಫ್ ಮೋಡಿಗೆ ಹೋಗಬೇಕಾ ಅಂತ ಕೇಳುತ್ತದೆ. ಕೀಬೋರ್ಡಿನಲ್ಲಿ ಕಂಟ್ರೋಲ್ ಕೀಲಿ ಸಿಕ್ಕಿಕೊಂಡು ದಿನಾ ಹೀಗೆ ಕೇಳುತ್ತಿದ್ದ ಯಂತ್ರವನ್ನೂ ನಾನು ನೋಡಿದ್ದೇನೆ. ಸಂದಿಯಲ್ಲಿ ಅವಲಕ್ಕಿ ಇತ್ತು.

ಸೇಫ್ ಮೋಡ್ ಅಲ್ಲದಿದ್ದರೆ ಫೈಲ್, ಆಪ್ಷನ್ಸ್, ಆಡ್-ಇನ್ಸ್. ಬಲಗಡೆ ಉದ್ದದ ಪಟ್ಟಿ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಕೆಳಗಿನ 'ಗೋ' ಗುಂಡಿಗೇ ಕೈ ಹೋಗುತ್ತದೆ. ಓದಿ. ಆಕ್ಟಿವ್, ಇನ್‌ಆಕ್ಟಿವ್, ಡಾಕ್ಯುಮೆಂಟ್ ರಿಲೇಟೆಡ್, ಡಿಸೇಬಲ್ಡ್ ಎಂಬ ನಾಲ್ಕು ತಲೆಬರಹ ಇರುತ್ತವೆ. ನಿಮ್ಮ ಟ್ಯಾಬ್ ಆಡ್-ಇನ್ನಿನ ಹೆಸರು ಯಾವುದರ ಅಡಿಯಲ್ಲಿದೆ ಎಂಬುದೇ ಅರ್ಧ ಉತ್ತರ.

ಆಕ್ಟಿವ್ ಅಡಿಯಲ್ಲಿದ್ದರೆ ಎಕ್ಸೆಲ್ ತನ್ನ ಕೆಲಸ ಮಾಡಿದೆ. ಆಡ್-ಇನ್ ಒಳಗೆ ಬಂದು ಕೂತಿದೆ, ಆದರೆ ಸುಮ್ನೆ ಕೂತಿದೆ. ಆಗ ನೋಡಬೇಕಾದದ್ದು ಆಡ್-ಇನ್ನಿನ ಸ್ವಂತ ಸೆಟ್ಟಿಂಗ್. ಇಂಥ ಆಡ್-ಇನ್‌ಗಳಲ್ಲಿ ಸಾಮಾನ್ಯವಾಗಿ ವರ್ಡಿಗೆ ಬೇಕಾ, ಎಕ್ಸೆಲ್‌ಗೆ ಬೇಕಾ, ಪವರ್‌ಪಾಯಿಂಟಿಗೆ ಬೇಕಾ ಅಂತ ಬೇರೆ ಬೇರೆ ಟಿಕ್ ಇರುತ್ತದೆ. ಟ್ಯಾಬ್ ಪಟ್ಟಿಯನ್ನು ಅಡಗಿಸುವ ಶಾರ್ಟ್‌ಕಟ್ ಕೀಲಿಯೂ ಇರಬಹುದು, ಬೇರೇನೋ ಒತ್ತುವಾಗ ಅದೂ ಒತ್ತಿಹೋಗುತ್ತದೆ.

ಇನ್‌ಆಕ್ಟಿವ್ ಅಡಿಯಲ್ಲಿದ್ದರೆ ಕೆಳಗೆ 'ಮ್ಯಾನೇಜ್' ಪಕ್ಕದಲ್ಲಿ ಕಾಮ್ (COM) ಆಡ್-ಇನ್ಸ್ ಆರಿಸಿ 'ಗೋ' ಒತ್ತಿ, ಟಿಕ್ ಹಾಕಿ. ಬಂದರೆ ಮುಗಿಯಿತು. ಬಾರದಿದ್ದರೆ ಏನು ಅಂತ ಮುಂದೆ ಹೇಳುತ್ತೇನೆ.

ಡಿಸೇಬಲ್ಡ್ ಅಡಿಯಲ್ಲಿದ್ದರೆ ಟಿಕ್ ಹಾಕಿ ಪ್ರಯೋಜನವಿಲ್ಲ. ಮೊದಲು ಆ ಪಟ್ಟಿಯಿಂದ ಹೆಸರು ಬಿಡಿಸಬೇಕು. ಅಡಿಕೆ ಅಂಗಡಿಯ ಯಂತ್ರದಲ್ಲಿ ಇದ್ದದ್ದು ಇದೇ.

ಪಟ್ಟಿಯಲ್ಲಿ ಎಲ್ಲೂ ಹೆಸರೇ ಇಲ್ಲವಾದರೆ ಅದು ಬೇರೆ ಕಥೆ, 32 ಬಿಟ್ ಮತ್ತು 64 ಬಿಟ್‌ನದ್ದು, ಅದನ್ನು ಮುಂದೆ ಹೇಳುತ್ತೇನೆ.

ಆ ಹುಡುಗಿ ಒತ್ತಿದ್ದು ಏನು

ಅಂಗಡಿಗೆ ಹೋಗಿ ಪಟ್ಟಿ ತೆರೆದು ತೋರಿಸಿದೆ. "ಇಲ್ಲಿ ನೋಡು, ಯಾರೋ ಇದನ್ನು ಬೇಡ ಅಂದಿದ್ದಾರೆ." ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ನಿನ್ನೆ ಸಂಜೆ ಎಕ್ಸೆಲ್ ತೆರೆಯುವಾಗಲೇ ಕರೆಂಟು ಹೋಯ್ತು ಅಣ್ಣಾ. ಯುಪಿಎಸ್ಸು ಕೀಂ ಅಂತ ಒಂದು ಸಲ ಕೂಗಿ ಸತ್ತಿತು. ಬೆಳಿಗ್ಗೆ ಎಂತದೋ ಒಂದು ಬಾಕ್ಸ್ ಬಂತು. ಹೊರಗೆ ಜನ ಕಾಯ್ತಾ ಇದ್ರು, ಯಸ್ ಒತ್ತಿದೆ."

ಅಲ್ಲಿಗೆ ವಿಷಯ ಹೊರಗೆ ಬಂತು. ಎಕ್ಸೆಲ್ ಶುರುವಾಗುವಾಗ ತಾನು ಒಳಗೆ ಕರೆದುಕೊಳ್ಳುತ್ತಿರುವ ಆಡ್-ಇನ್ನಿನ ಗುರುತು ಬರೆದಿಟ್ಟುಕೊಳ್ಳುತ್ತದೆ. ಸರಿಯಾಗಿ ಒಳಗೆ ಬಂದರೆ ಗುರುತು ಅಳಿಸುತ್ತದೆ. ಅಷ್ಟರಲ್ಲಿ ಕರೆಂಟು ಹೋದರೆ, ಅಥವಾ ತಡವಾಯಿತೆಂದು ನೀವು ಟಾಸ್ಕ್ ಮ್ಯಾನೇಜರಿನಲ್ಲಿ ಎಂಡ್ ಟಾಸ್ಕ್ ಕೊಟ್ಟರೆ, ಗುರುತು ಹಾಗೇ ಉಳಿಯಬಹುದು. ಮುಂದಿನ ಸಲ ಎಕ್ಸೆಲ್ ಆ ಗುರುತು ನೋಡಿ, ಕಳೆದ ಸಲ ಈ ಆಡ್-ಇನ್ನಿನಿಂದ ತೊಂದರೆ ಆಯಿತು, ಇದನ್ನು ಬಂದ್ ಮಾಡಲಾ ಅಂತ ಕೇಳುತ್ತದೆ. ತಪ್ಪು ಆಡ್-ಇನ್ನಿನದ್ದಲ್ಲ, ಸತ್ತ ಬ್ಯಾಟರಿಯದ್ದು. ಆದರೆ ಎಕ್ಸೆಲ್‌ಗೆ ಅದು ಹೇಗೆ ಗೊತ್ತಾಗಬೇಕು?

ಹೀಗೆ ಕೇಳುವ ಬಾಕ್ಸ್ ಎರಡು ಥರ ಇದೆ. ಒಂದು, ಕಳೆದ ಸಲ ಎಕ್ಸೆಲ್ ಶುರುವಾಗಲಿಲ್ಲ, ಸೇಫ್ ಮೋಡಿನಲ್ಲಿ ತೆರೆಯಲಾ ಎನ್ನುವುದು. ಅದಕ್ಕೆ ಯಸ್ ಅಂದರೆ ಆ ಒಂದು ಸಲಕ್ಕೆ ಮಾತ್ರ ಟ್ಯಾಬ್ ಇಲ್ಲ, ಮುಚ್ಚಿ ತೆರೆದರೆ ಸರಿ. ಇನ್ನೊಂದು, ಆಡ್-ಇನ್ನಿನ ಹೆಸರು ಹೇಳಿ ಬಂದ್ ಮಾಡಲಾ ಎನ್ನುವುದು. ಅದಕ್ಕೆ ಯಸ್ ಅಂದರೆ ಖಾಯಂ ಬಂದ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಜಾಸ್ತಿ ಅಲ್ವಾ, ಅದಕ್ಕೇ ಜೂನ್ ಜುಲೈಯಲ್ಲಿ ನನಗೆ ಇಂಥ ಫೋನ್ ಜಾಸ್ತಿ.

ಬಿಡಿಸುವುದು ಹೀಗೆ. ಅದೇ ಆಡ್-ಇನ್ಸ್ ಪುಟದ ಕೆಳಗೆ 'ಮ್ಯಾನೇಜ್' ಪಕ್ಕದಲ್ಲಿ ಈ ಸಲ ಡಿಸೇಬಲ್ಡ್ ಐಟಮ್ಸ್ ಆರಿಸಿ, ಗೋ. ಬರುವ ಸಣ್ಣ ಬಾಕ್ಸಿನಲ್ಲಿ ಹೆಸರನ್ನು ಒತ್ತಿ ಎನೇಬಲ್ ಕೊಡಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸಿ, ಬರಲಿಲ್ಲ ಎನ್ನುತ್ತಾರೆ. ನಿಲ್ಲಬಾರದು. ಪುನಃ ಮ್ಯಾನೇಜ್‌ಗೆ ಬಂದು ಕಾಮ್ ಆಡ್-ಇನ್ಸ್, ಗೋ, ಟಿಕ್. ಆಮೇಲೆ ಎಕ್ಸೆಲ್ ಪೂರ್ತಿ ಮುಚ್ಚಿ ತೆರೆಯಿರಿ. ಪೂರ್ತಿ ಅಂದರೆ ಆರು ಫೈಲೂ.

ಟಿಕ್ ಹಾಕಿದರೂ ನಿಲ್ಲುವುದಿಲ್ಲ ಅಂದರೆ

ಅಂಗಡಿಯಲ್ಲಿ ಟಿಕ್ ಹಾಕಲು ಹೋದಾಗ ಎಕ್ಸೆಲ್ ಇನ್ನೊಂದು ತಕರಾರು ತೆಗೆಯಿತು. ಎಚ್‌ಕೀ ಲೋಕಲ್ ಮೆಷಿನ್‌ನಲ್ಲಿ ನೋಂದಾಯಿಸಿದ ಆಡ್-ಇನ್ನಿನ ಸ್ಥಿತಿ ಬದಲಾಯಿಸಲು ಆಗುವುದಿಲ್ಲ ಎಂಬ ಅರ್ಥದ ಸಂದೇಶ. ಇದನ್ನು ನೋಡಿ ಹೆದರಬೇಕಾದ್ದಿಲ್ಲ. ನಾನು ಆಡ್-ಇನ್ ಹಾಕುವಾಗ ಆ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಅಂತ ಹಾಕಿದ್ದೆ, ಅದನ್ನು ಬದಲಾಯಿಸಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಅಷ್ಟೇ ವಿಷಯ. ಎಕ್ಸೆಲ್ ಮುಚ್ಚಿ, ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟು ತೆರೆದು ಟಿಕ್ ಹಾಕಿದರೆ ನಿಲ್ಲುತ್ತದೆ. ಹಾಕಿದ ಮೇಲೆ ಆ ಎಕ್ಸೆಲ್ ಮುಚ್ಚಿ ಮಾಮೂಲಿಯಾಗಿ ತೆರೆಯಿರಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕಾಮ್ ಆಡ್-ಇನ್ಸ್ ಬಾಕ್ಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರುತ್ತದೆ. ಒಂದು ಲೊಕೇಶನ್, ಇನ್ನೊಂದು ಲೋಡ್ ಬಿಹೇವಿಯರ್. ಎರಡನೆಯ ಸಾಲಿನಲ್ಲಿ, ಲೋಡ್ ಆಗಲಿಲ್ಲ, ಲೋಡ್ ಮಾಡುವಾಗ ರನ್‌ಟೈಮ್ ಎರರ್ ಬಂತು ಅಂತ ಇದ್ದರೆ ಟಿಕ್ ಎಷ್ಟು ಸಲ ಹಾಕಿದರೂ ಹಾರಿಹೋಗುತ್ತದೆ. ಹೆಚ್ಚಾಗಿ ಆಡ್-ಇನ್ನಿನ ಫೈಲ್ ಯಾವುದೋ ಕಾಣೆಯಾಗಿದೆ, ಅಥವಾ ಆಂಟಿವೈರಸ್ ಅದನ್ನು ಎತ್ತಿ ಕ್ವಾರಂಟೈನಿನಲ್ಲಿ ಇಟ್ಟಿದೆ. ಲೊಕೇಶನ್ ಸಾಲಿನಲ್ಲಿ ಹೇಳಿದ ಜಾಗಕ್ಕೆ ಹೋಗಿ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಆಂಟಿವೈರಸ್ಸಿನ ಪಟ್ಟಿ ನೋಡಿ. ಪುನಃ ಇನ್‌ಸ್ಟಾಲ್ ಮಾಡುವುದಕ್ಕೆ ಅರ್ಥ ಬರುವುದು ಇಂಥ ಕಡೆ.

ರಿಜಿಸ್ಟ್ರಿ ನೋಡಿ ಅಭ್ಯಾಸ ಇದ್ದವರಿಗೆ ಒಂದು ಮಾತು. ಅಭ್ಯಾಸ ಇಲ್ಲದವರು ಇದನ್ನು ದಾಟಿಹೋಗಿ, ಅಲ್ಲಿ ಕೈಯಾಡಿಸಿ ವಿಂಡೋಸನ್ನೇ ಹಾಳು ಮಾಡಿಕೊಂಡರೆ ಟ್ಯಾಬ್ ಇದ್ದೂ ಪ್ರಯೋಜನವಿಲ್ಲ. ರೆಜ್‌ಎಡಿಟ್ ತೆರೆದು ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ಎಕ್ಸೆಲ್, ಆಡ್‌ಇನ್ಸ್ ಅಂತ ಇಳಿಯುತ್ತಾ ಹೋಗಿ. ಆಡ್-ಇನ್ನಿನ ಹೆಸರಿನ ಒಳಗೆ ಲೋಡ್‌ಬಿಹೇವಿಯರ್ ಎಂಬ ಬೆಲೆ ಇರುತ್ತದೆ. 3 ಇದ್ದರೆ ಎಕ್ಸೆಲ್ ಜೊತೆಗೇ ಶುರುವಾಗುತ್ತದೆ. ಲೋಡ್ ಆಗುವಾಗ ಎಡವಿದರೆ, ಅಥವಾ ನೀವೇ ಟಿಕ್ ತೆಗೆದರೆ, ಎಕ್ಸೆಲ್ ಅದನ್ನು 2 ಮಾಡಿಬಿಡುತ್ತದೆ. ಅದನ್ನು ಪುನಃ 3 ಮಾಡಿ ನೋಡಬಹುದು. ಮರುದಿನ ಪುನಃ 2 ಆಗಿದ್ದರೆ ರೋಗ ಬೇರೆ ಕಡೆ ಇದೆ ಅಂತ ಅರ್ಥ. ಎಲ್ಲ ಬಳಕೆದಾರರಿಗೆ ಹಾಕಿದ ಆಡ್-ಇನ್ ಆದರೆ ಇದೇ ದಾರಿಯನ್ನು ಎಚ್‌ಕೀ ಲೋಕಲ್ ಮೆಷಿನ್ ಅಡಿಯಲ್ಲಿ ಹುಡುಕಬೇಕು. ಡಿಸೇಬಲ್ಡ್ ಪಟ್ಟಿ ಇರುವುದು ಮಾತ್ರ ಕರೆಂಟ್ ಯೂಸರ್‌ನಲ್ಲೇ, ಆಫೀಸ್ ಅಡಿಯಲ್ಲಿ 16.0, ಎಕ್ಸೆಲ್, ರೆಸಿಲಿಯೆನ್ಸಿ ಎಂಬ ಜಾಗದಲ್ಲಿ. 2016, 2019, 2021 ಎಲ್ಲಕ್ಕೂ 16.0 ಒಂದೇ ಸಂಖ್ಯೆ, 2013ಕ್ಕೆ ಮಾತ್ರ 15.0.

ಫೈಲ್, ಆಪ್ಷನ್ಸ್ ಒಳಗೆ ಟ್ರಸ್ಟ್ ಸೆಂಟರ್ ಅಂತ ಒಂದಿದೆ, ಅದನ್ನೂ ಒಮ್ಮೆ ನೋಡಿ. ಅದರ ಆಡ್-ಇನ್ಸ್ ಪುಟದಲ್ಲಿ ಎಲ್ಲ ಆಡ್-ಇನ್ ಬಂದ್ ಮಾಡುವ ಟಿಕ್ ಇರುತ್ತದೆ. ಬೇರೆ ಆಫೀಸಿನಿಂದ ತಂದ ಹಳೆ ಲ್ಯಾಪ್‌ಟಾಪಿನಲ್ಲಿ ಅದು ಹಾಕಿಯೇ ಇರುವುದುಂಟು.

32 ಮತ್ತು 64

ಪಟ್ಟಿಯಲ್ಲಿ ಹೆಸರೇ ಇಲ್ಲ, ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಡ್-ಇನ್ ಇನ್‌ಸ್ಟಾಲ್ ಆಗಿದೆ ಅಂತ ತೋರಿಸುತ್ತದೆ ಎಂದಾದರೆ ಇಲ್ಲಿಗೆ ಬನ್ನಿ. ಆಡ್-ಇನ್ ಕೂತುಕೊಳ್ಳುವುದು ಎಕ್ಸೆಲ್‌ನ ಒಳಗೆ. 64 ಬಿಟ್ ಎಕ್ಸೆಲ್ ಒಳಗೆ 32 ಬಿಟ್ ಡಿಎಲ್‌ಎಲ್ (ಆಡ್-ಇನ್ನಿನ ಪ್ರೋಗ್ರಾಮ್ ಇರುವ ಫೈಲ್) ಕೂರುವುದಿಲ್ಲ, ತಿರುಗಿಸಿದರೂ ಕೂರುವುದಿಲ್ಲ. ಜನ ಇಲ್ಲಿ ಎಡವುವುದು ಆಫೀಸಿನ ಬದಲು ವಿಂಡೋಸನ್ನು ನೋಡುವುದರಿಂದ. ವಿಂಡೋಸ್ 64 ಬಿಟ್ ಅಂತ 64ರ ಆಡ್-ಇನ್ ಇಳಿಸುತ್ತಾರೆ, ಒಳಗೆ ಇರುವ ಆಫೀಸ್ 32. ನೋಡಬೇಕಾದದ್ದು ಆಫೀಸನ್ನು. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದರೆ ಬರುವ ಬಾಕ್ಸಿನ ಮೇಲಿನ ಸಾಲಿನ ಕೊನೆಯಲ್ಲಿ 32 ಬಿಟ್ ಅಥವಾ 64 ಬಿಟ್ ಅಂತ ಇರುತ್ತದೆ. ಹಳೆ ಆಫೀಸ್ ತೆಗೆದು ಹೊಸದು ಹಾಕಿಸಿದ ಮೇಲೆ ಟ್ಯಾಬ್ ಹೋದರೆ ಹೆಚ್ಚಾಗಿ ಇದೇ ಕಾರಣ, ಯಾಕೆಂದರೆ ಆಫೀಸ್ 2019ರಿಂದ ಸುಮ್ನೆ ಇನ್‌ಸ್ಟಾಲ್ ಕೊಟ್ಟರೆ 64 ಬಿಟ್ ಬರುತ್ತದೆ, ಮೊದಲು 32 ಬರುತ್ತಿತ್ತು. ಬ್ರೌಸರಿನಲ್ಲಿ ತೆರೆಯುವ ಎಕ್ಸೆಲ್‌ನಲ್ಲಿ, ಮ್ಯಾಕ್‌ನಲ್ಲಿ, ಮೊಬೈಲಿನಲ್ಲಿ ಈ ಜಾತಿಯ ಆಡ್-ಇನ್ ನಡೆಯುವುದೇ ಇಲ್ಲ.

ಐದು ಒಳಗೆ, ಒಂದು ಹೊರಗೆ

ಅಂಗಡಿಯಲ್ಲಿ ಟ್ಯಾಬ್ ಬಂತು. ಚಹಾ ಕುಡಿದು ಹೊರಡಬೇಕು ಅನ್ನುವಾಗ ಹುಡುಗಿ ಕರೆದಳು. "ಅಣ್ಣಾ, ಕಾಳುಮೆಣಸು ಬರ್ಲಿಲ್ಲ." ಐದು ಫೈಲ್ ಟ್ಯಾಬಿನಲ್ಲಿದೆ, ಆರನೆಯದು ಬೇರೆ ವಿಂಡೋದಲ್ಲಿ ಒಂಟಿಯಾಗಿ ನಿಂತಿದೆ.

ಇದಕ್ಕೆ ಕಾರಣ ಎರಡು ಇರಬಹುದು. ಫೈಲಿನ ಮೇಲೆ ಹಳದಿ ಪಟ್ಟಿ ಇದ್ದು ಪ್ರೊಟೆಕ್ಟೆಡ್ ವ್ಯೂ ಅಂತ ಬರೆದಿದ್ದರೆ, ಅದು ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಬಂದ ಫೈಲ್. ಎಕ್ಸೆಲ್ ಅದನ್ನು ನಂಬದೆ ಪ್ರತ್ಯೇಕ ಕೋಣೆಯಲ್ಲಿ ತೆರೆಯುತ್ತದೆ, ಅಲ್ಲಿಗೆ ಆಡ್-ಇನ್ನಿಗೆ ಪ್ರವೇಶ ಇಲ್ಲ. ಕಳಿಸಿದವರು ಯಾರು ಅಂತ ಗೊತ್ತಿದ್ದರೆ ಮಾತ್ರ ಎನೇಬಲ್ ಎಡಿಟಿಂಗ್ ಒತ್ತಿ.

ಹಳದಿ ಪಟ್ಟಿ ಇಲ್ಲ ಅಂದರೆ ಎಕ್ಸೆಲ್ ಎರಡು ಸಲ ಓಡುತ್ತಿದೆ. ವ್ಯೂ ಮೆನುವಿನಲ್ಲಿ ಸ್ವಿಚ್ ವಿಂಡೋಸ್ ಒತ್ತಿ ನೋಡಿ. ಅಲ್ಲಿ ಬರುವುದು ಆ ಒಂದು ಎಕ್ಸೆಲ್‌ನ ಫೈಲುಗಳು ಮಾತ್ರ. ಆರು ತೆರೆದಿದ್ದು ಐದೇ ಹೆಸರು ಬಂದರೆ ಆರನೆಯದು ಇನ್ನೊಂದು ಎಕ್ಸೆಲ್‌ನದು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿಯೂ ಎಕ್ಸೆಲ್ ಎರಡು ಕಾಣುತ್ತದೆ. ಇಲ್ಲಿ ತಪ್ಪು ನನ್ನದೇ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಎಕ್ಸೆಲ್ ಅನ್ನು ಮಿನಿಮೈಸ್ ಮಾಡಿ ಮರೆತಿದ್ದೆ, ಅದರಲ್ಲಿ ಪ್ರಯೋಗಕ್ಕೆ ಅಂತ ತೆರೆದದ್ದು ಕಾಳುಮೆಣಸಿನ ಫೈಲನ್ನೇ. ಮುಚ್ಚಿ, ಫೈಲನ್ನು ಪುನಃ ತೆರೆದಾಗ ಬಂದು ಸಾಲಿನಲ್ಲಿ ನಿಂತಿತು. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳೂ ಎಕ್ಸೆಲ್‌ಗೆ ಕಳಿಸು ಅಂದಾಗ ತಮ್ಮದೇ ಇನ್ನೊಂದು ಎಕ್ಸೆಲ್ ಶುರು ಮಾಡುತ್ತವೆ. ಅಂಥ ಫೈಲನ್ನು ಸೇವ್ ಮಾಡಿ, ಮುಚ್ಚಿ, ಫೋಲ್ಡರಿನಿಂದ ತೆರೆಯುವುದೇ ಸುಲಭ.

ಟ್ಯಾಬಿನ ಮೇಲೆ ಹೆಸರು ಕಾಗೆ ಕಾಲಿನ ಹಾಗೆ ಕಂಡರೆ ಅದು ಆಡ್-ಇನ್ನಿನ ದೋಷ ಅಲ್ಲ. ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲು ಮಾಡಿ ಫೈಲಿಗೆ ಹೆಸರು ಕೊಟ್ಟಿದ್ದಾರೆ. ಫೈಲ್ ಹೆಸರಿಗೆ ಫಾಂಟ್ ಆರಿಸಲು ಆಗುವುದಿಲ್ಲ. ಯೂನಿಕೋಡಿನಲ್ಲಿ ಹೆಸರು ಬದಲಿಸಿದರೆ ಕನ್ನಡವೂ ಸರಿ, ಮಲಯಾಳವೂ ಸರಿ.

ಇಷ್ಟೆಲ್ಲ ಮಾಡಲು ಪುರಸೊತ್ತಿಲ್ಲದ ದಿನ ಕಂಟ್ರೋಲ್ ಎಫ್6 ಒತ್ತಿ ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗಬಹುದು. ಆ ದಿನದ ಮಟ್ಟಿಗೆ ಕೆಲಸ ಸಾಗುತ್ತದೆ.

ಹೊರಡುವ ಮೊದಲು ಕರಿಗೋಟಿನ ಟ್ಯಾಬಿಗೆ ಕೆಂಪು, ಪಟೋರಕ್ಕೆ ಹಸಿರು ಬಣ್ಣ ಕೊಟ್ಟೆ. ಬಾಕ್ಸ್ ಬಂದರೆ ನೋ ಒತ್ತು, ಇಲ್ಲದಿದ್ದರೆ ಒಂದು ಫೋಟೋ ಹೊಡೆದು ನನಗೆ ಕಳಿಸು ಅಂತ ಹುಡುಗಿಗೆ ಹೇಳಿದೆ. ಯುಪಿಎಸ್ ಬ್ಯಾಟರಿ ಬದಲಾಯಿಸಬೇಕು ಅಂತ ಯಜಮಾನರಿಗೂ ಹೇಳಿದೆ. "ಅಡಿಕೆಗೆ ರೇಟು ಬರ್ಲಿ ಮಾರಾಯ, ನೋಡುವ" ಅಂದರು.